ಮನೆಯವರ ಸಾಕ್ಷಿ

ಸರಕಾರ ಸಾರಾಯಿ ಬಂದ್ ಮಾಡಿದ ಮರುವರ್ಷ ಬ್ಯಾಡಗಿಯ ಕರಬಸಪ್ಪನ ಮನೆಗೆ ಎರಡು ಒಳ್ಳೆಯ ಸುದ್ದಿ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬಂದವು. ಮಗಳು ಸ್ನೇಹಾಳಿಗೆ ಕುಮಾರಪಟ್ಟಣದ ಗಂಡು ಗೊತ್ತಾಯಿತು. ಮಗ ಮಾಲತೇಶನನ್ನು ರಾಣೆಬೆನ್ನೂರಿನ ವ್ಯಸನಮುಕ್ತಿ ಕೇಂದ್ರದವರು ಕೌನ್ಸೆಲರ್ ತರಬೇತಿಗೆ ಆರಿಸಿದರು. ಮೊದಲನೆಯದಕ್ಕೆ ತಾಯಿ ಮುತ್ತವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಎರಡನೆಯದನ್ನು ಕೇಳಿ, “ಕುಡಿಯೂದು ಕಲಿಯಾಕ ಯಾವ ಟ್ರೈನಿಂಗೂ ಬೇಕಾಗಿದ್ದಿಲ್ಲ, ಬಿಡಸಾಕ ಟ್ರೈನಿಂಗ್ ಬೇಕಾತೇನು ನಿನಗ?” ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮುತ್ತವ್ವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕರಬಸಪ್ಪನದೊಂದು ಸಣ್ಣ ದಲಾಲಿ ಅಂಗಡಿ. ಮಾಲತೇಶ ಆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಿ ವರ್ಷಗಟ್ಟಲೆ ಕುಡಿದವನು. ಹೆಂಡತಿ ಪುಷ್ಪಾವತಿಯನ್ನು ಹೊಡೆದವನು. ಒಮ್ಮೆ ಕೇಂದ್ರಕ್ಕೆ ಹೋಗಿ ಬಿಟ್ಟು ಬಂದು, ತಿಂಗಳು ತುಂಬುವುದರೊಳಗೆ ಮತ್ತೆ ಬಾಟಲಿ ಹಿಡಿದವನು. ಆಗ ಕೇಂದ್ರದವರು ವಿಚಾರಿಸಲು ಬಂದರೆ ಪುಷ್ಪಾವತಿ ಹೊಡೆತಕ್ಕೆ ಅಂಜಿ, “ಇಲ್ರಿ, ಮುಟ್ಟಿಲ್ಲ” ಎಂದುಬಿಟ್ಟಿದ್ದಳು. ಆಮೇಲೆ ಬೇಸತ್ತು ಮಗಳನ್ನು ಎತ್ತಿಕೊಂಡು ತವರಿಗೆ ಹೋದಳು. ಅವಳು ಹೋದ ಮೇಲೆ ಮಾಲತೇಶ ಎರಡನೆಯ ಸಲ ಕೇಂದ್ರಕ್ಕೆ ಸೇರಿದ. ಆ ಸಲ ಬಿಟ್ಟಿದ್ದು ಬಿಟ್ಟೇ ಬಿಟ್ಟ. ಎರಡೂವರೆ ವರ್ಷವಾಗಿತ್ತು, ಹಬ್ಬದಲ್ಲಿಲ್ಲ, ಹೆಣದ ಮುಂದಿಲ್ಲ, ಒಂದು ಹನಿ ಮುಟ್ಟಿರಲಿಲ್ಲ. ಅದೇ ಕೇಂದ್ರದಲ್ಲಿ ಸಹಾಯಕನಾಗಿ ಸೇರಿ ಹೊಸ ಕುಡುಕರ ವಾಂತಿ ಬಳಿಯುತ್ತಿದ್ದ, ನಡುಗುವವರನ್ನು ಅವುಚಿ ಹಿಡಿದು ಮಲಗಿಸುತ್ತಿದ್ದ. ಪುಷ್ಪಾವತಿ ಮರಳಿ ಬಂದಿದ್ದಳು. ಮಗಳನ್ನು ಮಾತ್ರ ತವರಿನಲ್ಲೇ ಬಿಟ್ಟಿದ್ದಳು. ಮೂರು ತಿಂಗಳ ತರಬೇತಿ ಮುಗಿದು, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ಕೈಗೆ ಬಂದರೆ ಮಾಲತೇಶನಿಗೆ ಕೌನ್ಸೆಲರ್ ನೌಕರಿ. ಆಮೇಲೆ ರಾಣೆಬೆನ್ನೂರಿನಲ್ಲಿ ಒಂದು ಬಾಡಿಗೆ ಮನೆ, ಮಗಳಿಗೆ ಅಲ್ಲಿಯ ಶಾಲೆ. ಪುಷ್ಪಾವತಿ ಅತ್ತೆಯ ಬೈಗುಳವನ್ನೆಲ್ಲ ಆ ಮನೆಯ ಆಸೆಯ ಮೇಲೆ ನುಂಗಿಕೊಂಡಿದ್ದಳು.

ಸ್ನೇಹಾಳ ಆಸೆಯೂ ಸಣ್ಣದೇನಲ್ಲ. ಅವಳಿಗೆ ಇಪ್ಪತ್ತಾರು ನಡೆಯುತ್ತಿತ್ತು. ಹಿಂದೆ ಮೂರು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, ಊರೊಳಗೆ ವಿಚಾರಿಸಿ, ಅಣ್ಣ ಕುಡುಕ ಎಂದು ತಿಳಿದು ಹಿಂದೆ ಸರಿದಿದ್ದರು. ಈಗ ಬಂದ ಕಿರಣಕುಮಾರನಿಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕಾಯಂ ನೌಕರಿ, ಇರಲು ಕ್ವಾರ್ಟರ್ಸು. ನೋಡಲು ಬಂದ ದಿನ ಅವನು ಯಾರಿಗೂ ಕಾಣದಂತೆ ಅವಳ ಕಡೆ ನೋಡಿ ನಕ್ಕಿದ್ದ. ಆ ನಗುವಿನ ಮೇಲೆ ಅವಳು ಆಗಲೇ ಅರ್ಧ ಸಂಸಾರ ಕಟ್ಟಿದ್ದಳು. ಅಣ್ಣನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಮೂರು ಗಂಡುಗಳನ್ನು ಓಡಿಸಿದ ಸಿಟ್ಟು ಆ ಪ್ರೀತಿಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗಿತ್ತು.

ತರಬೇತಿ ಶುರುವಾದ ಮೇಲೆ ಮಾಲತೇಶನ ಕಾಟ ಹೇಳತೀರದು. ಅಂದಂದು ಕಲಿತದ್ದನ್ನು ಅಂದಂದೇ ಮನೆಯಲ್ಲಿ ಪ್ರಯೋಗ ಮಾಡುವನು. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು, “ಸ್ನೇಹಾ, ನೀ ಕುಡುಕ ಆಗವಾ, ನಾ ಕೌನ್ಸೆಲರ್ ಆಗ್ತೇನಿ” ಎನ್ನುವನು.

“ನನಗ ಬದನೀಕಾಯಿ ಹೆಚ್ಚೂದೈತಿ, ನಾ ಒಲ್ಲೆ.”

“ಹೆಚ್ಚಿಕೋಂತನ ಆಗು. ಹೇಳ್ರಿ, ನಿಮಗ ಕುಡಿಬೇಕು ಅಂತ ಯಾವಾಗ ಅನಸತೈತಿ?”

“ನಮ್ಮಣ್ಣನ ಮಾರಿ ನೋಡಿದಾಗ್ರಿ” ಎಂದಳು ಸ್ನೇಹಾ. ಪುಷ್ಪಾವತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾಲತೇಶ ನಗಲಿಲ್ಲ, ತಲೆಯಾಡಿಸುತ್ತ ಕೇಳಿಸಿಕೊಂಡ. ಎದುರಿನವರು ಎಷ್ಟು ಚುಚ್ಚಿದರೂ ಸಿಟ್ಟಿಗೇಳಬಾರದು ಎಂದು ಅವನಿಗೆ ಕಲಿಸಿದ್ದರು.

“ಲೇ ಮಾಲತ್ಯಾ, ನನ್ನೂ ಒಂದಿಷ್ಟು ಕೇಳು” ಎಂದಳು ಮುತ್ತವ್ವ ಒಲೆಯ ಮುಂದಿನಿಂದ. “ನಿನ್ನ ಹಡದಾಗಿಂದ ನನಗ ಏನೇನ ಅನಿಸೇತಿ ಅಂತ ಕೇಳು. ನಿಮ್ಮ ಕೇಂದ್ರದ ಪುಸ್ತಕ ಸಾಲಂಗಿಲ್ಲ.”

ಅಂಥ ಒಂದು ಸಂಜೆಯೇ ಅವನು ನಿಯಮದ ವಿಷಯ ತೆಗೆದ. ಮೊದಲು ತಾವೇ ಕುಡಿದು ಬಿಟ್ಟವರು ಕೌನ್ಸೆಲರ್ ಆಗಬೇಕಾದರೆ ಎರಡು ವರ್ಷ ಹನಿ ಮುಟ್ಟಿರಬಾರದು. ಅದನ್ನು ಅವರ ಬಾಯಿಂದ ಕೇಳಿದರೆ ಸಾಲದು. ಪರೀಕ್ಷೆಗೆ ಮೊದಲು ತರಬೇತಿಯ ಮೇಡಂ ಮನೆಗೆ ಬಂದು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ. “ಹೆಂಡತಿ ಮಾತು ಒಂದ ಇದ್ರ ನಡ್ಯಂಗಿಲ್ಲ. ಹೆಂಡತಿ ಮುಚ್ಚಿಡ್ತಾಳ ಅಂತ ಅವರಿಗೆ ಗೊತ್ತೈತಿ. ಅದ ಮನ್ಯಾಗ ಇರೋ ಇನ್ನೊಬ್ರು ಹೇಳಬೇಕು.”

“ಹಂಗಂದು ನನ್ನ ಕಡೆ ಯಾಕ ನೋಡ್ತೀರಿ?” ಎಂದಳು ಪುಷ್ಪಾವತಿ. “ನಾ ಮುಚ್ಚಿಟ್ಟಿದ್ದು ಯಾರ ಕೈಗೆ ಅಂಜಿ?”

“ನನ್ನ ಕೈಗೆ” ಎಂದು ಮಾಲತೇಶ ಒಪ್ಪಿಕೊಂಡ. ಆಮೇಲೆ ಸ್ನೇಹಾಳ ಕಡೆ ತಿರುಗಿ, “ನೀ ಇದ್ದೀಯಲ್ಲ. ನೀ ಹೇಳಿದ್ರ ಆತು” ಎಂದ.

ಇಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಕೆಡಿಸಿದ್ದು ಹೊಸರಿತ್ತಿಯ ಶಿಬಿರ. ಹಳ್ಳಿ ಹಳ್ಳಿಗೆ ಹೋಗಿ ಜನರ ಮುಂದೆ ಮಾತಾಡುವುದೂ ತರಬೇತಿಯ ಒಂದು ಭಾಗ. ಹೊಸರಿತ್ತಿಯಲ್ಲಿ ಪೆಂಡಾಲು ಹಾಕಿ ಮಾಲತೇಶನ ಕೈಗೆ ಮೈಕು ಕೊಟ್ಟರು. ಅವನು, “ನಾ ಬ್ಯಾಡಗಿ ದಲಾಲಿ ಕರಬಸಪ್ಪನ ಮಗ. ನಾ ಕುಡುಕ ಇದ್ದೆ. ಹೆಂಡತೀನ್ನ ಹೊಡೀತಿದ್ದೆ, ಅಪ್ಪನ ಗಲ್ಲಾದಾಗ ಕದೀತಿದ್ದೆ” ಎಂದು ಶುರುಮಾಡಿ ಎಲ್ಲವನ್ನೂ ಬಿಚ್ಚಿ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ಇಬ್ಬರು ಗಂಡಸರು ಅಲ್ಲಿಯೇ ಹೆಸರು ಬರೆಸಿದರು. ಅದೇ ಜನರ ನಡುವೆ, ನೆಂಟರ ಮನೆಗೆಂದು ಬಂದಿದ್ದ ಕಿರಣಕುಮಾರನ ದೊಡ್ಡಪ್ಪ ಕೊಟ್ರೇಶಪ್ಪ ಎಲೆಅಡಿಕೆ ಜಗಿಯುತ್ತ ನಿಂತಿದ್ದ.

ಮೂರನೆಯ ದಿನವೇ ಕೊಟ್ರೇಶಪ್ಪ ಬ್ಯಾಡಗಿಗೆ ಬಂದ. ಚಹಾ ಕುಡಿದ, ಮುತ್ತವ್ವ ಒತ್ತಾಯ ಮಾಡಿ ಬಡಿಸಿದ ಸಜ್ಜಕ ತಿಂದ, ಕೈ ತೊಳೆದುಕೊಂಡು ಬಂದು ಕುಳಿತು ವಿಷಯಕ್ಕೆ ಬಂದ.

“ಕರಬಸಪ್ನಾರ, ನಿಮ್ಮ ಹುಡುಗ ಕುಡೀತಿದ್ದ ಅನ್ನೂದು ನಮಗ ಮೊದಲ ಗೊತ್ತಿತ್ತು. ಗೊತ್ತಿದ್ದ ಒಪ್ಪೇವಿ. ಯಾರ ಮನ್ಯಾಗ ಇಲ್ಲ? ನಮ್ಮ ತಮ್ಮನೂ ಕುಡೀತಾನ. ಬಾಗಲಾ ಹಾಕ್ಕೊಂಡು ಕುಡೀತಾನ, ಬಿದ್ಕೋತಾನ, ಮುಗೀತು. ಮೈಕ್ ಹಿಡದು ಊರಿಗೆಲ್ಲ ಯಾಕ ಹೇಳಬೇಕ್ರಿ ಅದನ್ನ?”

“ಟ್ರೈನಿಂಗ್ನ್ಯಾಗ ಹೇಳಸ್ತಾರಂತ್ರಿ” ಎಂದ ಕರಬಸಪ್ಪ ಅಳುಕುತ್ತ.

“ಟ್ರೈನಿಂಗ್ ಮುಗದ ಮ್ಯಾಲೆ? ಅದ ಉದ್ಯೋಗ ಆಗ್ತೈತಿ ಅವಂಗ. ನಾಳೆ ಫ್ಯಾಕ್ಟರಿ ಗೇಟಿನ ಮುಂದ ನಿಂತು ಮೈಕ್ ಹಿಡಿತಾನ. ಇಂವಾ ಯಾರು ಅಂತ ಮಂದಿ ಕೇಳಿದ್ರ, ಕಿರಣಕುಮಾರನ ಹೆಂಡತಿ ಅಣ್ಣ ಅಂತಾರ. ನಮ್ಮ ಹುಡುಗ ಮಾರಿ ಎಲ್ಲಿ ಇಟ್ಕೋಬೇಕು?” ಎದ್ದು ಚಪ್ಪಲಿ ಮೆಟ್ಟುವಾಗ ಒಂದೇ ಮಾತು ಸೇರಿಸಿದ. “ಆ ಕೆಲಸ ಬಿಡಸ್ರಿ. ಇಲ್ಲಾ ನಮ್ಮನ್ನ ಬಿಟ್ಟುಬಿಡ್ರಿ.”

ಬಾಗಿಲ ಹಿಂದೆ ನಿಂತು ಸ್ನೇಹಾ ಎಲ್ಲವನ್ನೂ ಕೇಳಿಸಿಕೊಂಡಳು.

ಆ ಸಂಜೆ ತಾಟಿನ ಮುಂದೆ ಜಗಳ ಹತ್ತಿತು. ಕರಬಸಪ್ಪ ರೊಟ್ಟಿ ಮುರಿಯುವ ಮೊದಲೇ, “ನಾಳಿಂದ ನೀ ಅಲ್ಲಿಗೆ ಹೋಗಬ್ಯಾಡ. ಅಂಗಡ್ಯಾಗ ಕುಂದ್ರು” ಎಂದ.

“ಅಪ್ಪಾ, ಇನ್ನ ಒಂದ ತಿಂಗಳು ಉಳದೈತಿ. ಈ ಸಲ ಬಿಟ್ರ ಮತ್ತ ಕರಿಯಂಗಿಲ್ಲ.”

“ಕರೀದಿದ್ರ ಕಲ್ಲು ಬಿತ್ತು! ಗಲ್ಲಾ ಖಾಲಿ ಮಾಡಿದಿ, ನಾ ಯಾರಿಗೂ ಹೇಳಲಿಲ್ಲ. ಈಗ ನೀನ ಡಂಗುರ ಹೊಡದು ಬಂದೀದಿ.”

“ಗಲ್ಲಾದ ಮುಂದ ಕುಂದ್ರಿಸಿದ್ರ ಮತ್ತ ಕುಡೀತೇನಿ ಅಂತ ಅಂಜಿಕಿ ಐತಿ ನನಗ. ಅಲ್ಲಿದ್ರ ಕುಡಿಯಂಗಿಲ್ಲ. ಇಷ್ಟ ನನಗ ಗೊತ್ತಿರೂದು.” ಮಾಲತೇಶನ ದನಿ ಏರಲಿಲ್ಲ. ಏರದ ಆ ದನಿಯೇ ಅಪ್ಪನ ಪಿತ್ತ ಕೆರಳಿಸಿತು. ನೀರಿನ ತಂಬಿಗೆಯನ್ನು ಒದ್ದು ಎದ್ದುಹೋದ.

ಚೆಲ್ಲಿದ ನೀರನ್ನು ಒರೆಸುತ್ತಿದ್ದ ತಂಗಿಯನ್ನು ಮಾಲತೇಶ ಕೇಳಿದ, “ನೀ ಹೇಳವಾ. ಬಿಡ್ಲೇನು? ನೀ ಬಿಡು ಅಂದ್ರ ಬಿಡ್ತೇನಿ.”

ಬಿಡು ಎನ್ನಬೇಕೆಂದು ಸ್ನೇಹಾಳ ಮನಸ್ಸು ಕೂಗುತ್ತಿತ್ತು. ಆದರೆ ಎದುರಿಗೇ ಪುಷ್ಪಾವತಿ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಮುಂದೆ ಕೆಟ್ಟವಳಾಗಲು ಧೈರ್ಯ ಸಾಲಲಿಲ್ಲ. “ನಿನಗ ತಿಳಿದಂಗ ಮಾಡಣ್ಣಾ” ಎಂದಳು. ಅವನು ಅದನ್ನೇ ಆಶೀರ್ವಾದ ಎಂದುಕೊಂಡ. ಬಾಯಿಬಿಟ್ಟು ಬೇಡ ಎಂದಿದ್ದರೆ ಅವನು ಅಂದೇ ನಿಲ್ಲುತ್ತಿದ್ದ, ಉಳಿದದ್ದೆಲ್ಲ ನಡೆಯುತ್ತಲೇ ಇರಲಿಲ್ಲ. ಕೆಟ್ಟವಳೆನಿಸಿಕೊಳ್ಳಲು ಅಂಜಿದವಳು ಅದಕ್ಕಿಂತ ಕೆಟ್ಟದ್ದಕ್ಕೆ ಕೈ ಹಾಕಬೇಕಾಯಿತು.

ಅದಕ್ಕೆ ದಾರಿ ತೋರಿಸಿದವಳು ಮುತ್ತವ್ವ. ಪುಷ್ಪಾವತಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ ಮಗಳನ್ನು ಹತ್ತಿರ ಕೂರಿಸಿಕೊಂಡಳು.

“ಮೇಡಂ ಬರ್ತಾಳಂತ ಮುಂದಿನ ವಾರ. ಮಾಲತ್ಯಾ ಮತ್ತ ಕುಡದಾನ ಅಂತ ನಿಮ್ಮಪ್ಪ ಹೇಳಾಂವ. ನಾನೂ ಹೇಳಾಕಿ. ನೀನೂ ಹೇಳು.”

“ಅವ್ವಾ! ಕುಡದಿಲ್ಲಲ್ಲ ಅಂವಾ.”

“ಕುಡದಿಲ್ಲೇನು? ವರ್ಷಾನುಗಟ್ಟಲೆ ಕುಡದಾಂವ ಯಾರು, ನಮ್ಮಪ್ಪನೇನು? ಆವಾಗ ಕುಡದಿದ್ದನ್ನ ಈಗ ಹೇಳ್ತೇವಿ, ಅಷ್ಟ.”

“ಅವನ ಪರೀಕ್ಷಾ?”

“ಮುಂದಿನ ವರ್ಷ ಕೊಡ್ತಾನ. ಅವಂಗ ವರ್ಷ ಹೋದ್ರ ಮತ್ತೊಂದು ವರ್ಷ ಬರತೈತಿ. ನಿನಗ ಈ ಗಂಡು ಹೋದ್ರ?” ಮುತ್ತವ್ವ ಅಕ್ಕಿಯಿಂದ ತಲೆ ಎತ್ತಲಿಲ್ಲ. “ಮೂರು ಮಂದಿ ಹೋಗ್ಯಾರ. ನಾಕನೇದಾಂವ ಹೋದ್ರ ಐದನೇದಾಂವ ಎರಡನೇ ಸಂಬಂಧದಾಂವನ ಬರಾಂವ, ಎರಡು ಮಕ್ಕಳ ಕರ್ಕೊಂಡು. ಇಚಾರ ಮಾಡು.”

ಸ್ನೇಹಾ ವಿಚಾರ ಮಾಡಿದಳು. ವಾರವೆಲ್ಲ ಮಾಡಿದಳು. ಪ್ರತಿ ಸಲವೂ ವಿಚಾರ ಕಿರಣಕುಮಾರನ ನಗುವಿನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಶಿವರಾತ್ರಿ ಮುಗಿದು ಯುಗಾದಿ ಇನ್ನೂ ಬಂದಿರಲಿಲ್ಲ. ಒಂದು ಗುರುವಾರ ಅರುಣಾ ಮೇಡಂ ಬಂದರು. ಆ ದಿನ ಮಾಲತೇಶ ಮನೆಯಲ್ಲಿರಬಾರದೆಂದು ನಿಯಮ, ಅವನು ರಾಣೆಬೆನ್ನೂರಿನಲ್ಲಿದ್ದ. ಮೇಡಂ ನಡುಮನೆಯ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು ಒಬ್ಬೊಬ್ಬರನ್ನೇ ಕರೆದರು. ಕರಬಸಪ್ಪ ಹೋಗಿ ಬಂದ, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೊರಟುಹೋದ. ಮುತ್ತವ್ವ ಒಳಗೆ ಅತ್ತದ್ದು ಹೊರಗೆ ಕೇಳಿಸಿತು. ಪುಷ್ಪಾವತಿ ಹೋದಾಗ ಅವಳ ದನಿ ಜೋರಾಯಿತು. “ನನ್ನ ಮಗಳಾಣಿ ಮೇಡಂ, ಅವರು ಮುಟ್ಟಿಲ್ಲ! ಇವರೆಲ್ಲ ಯಾಕ ಹಿಂಗ ಹೇಳಾಕತ್ತಾರ?” ಎಂದು ಕೂಗಿದಳು. ಹೊರಗೆ ಬಂದವಳು ಸ್ನೇಹಾಳ ಎರಡೂ ಕೈ ಹಿಡಿದುಕೊಂಡಳು. “ಇನ್ನ ನೀ ಒಬ್ಬಾಕಿ ಉಳದೀದಿ. ಇದ್ದದ್ದು ಹೇಳವಾ, ಅಷ್ಟ ಸಾಕು.”

ಸ್ನೇಹಾ ಒಳಗೆ ಹೋಗಿ ಕುಳಿತಳು. ಅರುಣಾ ಮೇಡಂ ಕೆಟ್ಟವರಲ್ಲ. ದಣಿದ ಮುಖ, ಮೆಲು ಮಾತು.

“ನೋಡ್ರಿ ಸ್ನೇಹಾ, ನಿಮ್ಮ ತಂದಿ ತಾಯಿ ಒಂದು ಹೇಳ್ತಾರ, ವೈನಿ ಇನ್ನೊಂದು ಹೇಳ್ತಾರ. ವೈನಿ ಮಾತು ಒಂದ ನಮಗ ಸಾಲಂಗಿಲ್ಲ. ಮಾಲತೇಶ ಏನಂದ ಗೊತ್ತೇನು? ನಮ್ಮಪ್ಪ ಸಿಟ್ಟಿನ್ಯಾಗ ಏನಾರ ಅಂದಾನು, ನಮ್ಮ ತಂಗೀನ್ನ ಕೇಳ್ರಿ, ಅಕಿ ಇದ್ದದ್ದು ಇದ್ದಂಗ ಹೇಳ್ತಾಳ ಅಂದ. ಅಂವಾ ಭಾಳ ಚಲೋ ಕೆಲಸ ಮಾಡೂದು ನೋಡೇನಿ ನಾನು. ನೀವು ಹೇಳ್ರಿ. ಅಂವಾ ಕುಡದಾನೇನು?”

“ಕುಡದಾನ್ರಿ” ಎಂದಳು ಸ್ನೇಹಾ.

“ಯಾವಾಗ?”

“ಶಿವರಾತ್ರಿ ಮರುದಿನ.”

“ಕಣ್ಣಾರೆ ನೋಡೀರೇನು?”

“ನೋಡೇನ್ರಿ. ಸ್ಟೇಷನ್ ಬೆಂಚಿನ ಮ್ಯಾಲೆ ಬಿದ್ದಿದ್ದ. ಒಂದು ಕಾಲಾಗ ಚಪ್ಪಲಿ ಇದ್ದಿದ್ದಿಲ್ಲ. ನಾನ ಎಬ್ಬಿಸಿಕೊಂಡು ಬಂದೆ. ಹಿತ್ತಲದಾಗ ಕುಂದ್ರಿಸಿ ಕಾಲು ತೊಳದೆ. ತೊಳಿಯೋವಾಗ ‘ಅವ್ವಾ’ ಅಂತ ನನ್ನ ಕರದ.”

ಅದರಲ್ಲಿ ಒಂದು ಅಕ್ಷರವೂ ಕಟ್ಟುಕತೆಯಲ್ಲ. ಬೆಂಚು ನಿಜ, ಚಪ್ಪಲಿ ನಿಜ, ತೊಳೆದ ಕಾಲು ನಿಜ, ಅವ್ವಾ ಎಂದು ಕರೆದದ್ದೂ ನಿಜ. ಐದು ವರ್ಷದ ಹಿಂದಿನದು, ಅಷ್ಟೇ ವ್ಯತ್ಯಾಸ. ಹಳೆಯ ನಿಜಕ್ಕೆ ಹೊಸ ತಾರೀಖು ಹಚ್ಚಿ ಕೊಟ್ಟಿದ್ದಳು. ಹೇಳುತ್ತ ಹೇಳುತ್ತ ಅವಳಿಗೆ ಕಣ್ಣೀರು ಬಂತು, ಅದೂ ನಿಜವಾದದ್ದೇ. ಮೇಡಂ ಅವಳ ಬೆನ್ನು ಸವರಿ, “ಇದನ್ನ ಹೇಳಾಕ ನಿಮಗ ಎಷ್ಟು ತ್ರಾಸ ಆಗಿರಬೇಕು” ಎಂದು ಎದ್ದರು.

ಪರೀಕ್ಷೆಯೊಂದು ತಪ್ಪಿದರೆ ಮುಗಿಯಿತು ಎಂದು ಸ್ನೇಹಾ ನಂಬಿದ್ದಳು. ಅದು ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ಅವ್ವ ಹೇಳಿದ್ದನ್ನು ಪುಷ್ಪಾವತಿಯ ಬಾಯಿಂದ ಕೇಳಿದ ಮಾಲತೇಶ, ತಂಗಿ ಇದ್ದದ್ದು ಹೇಳಿರುತ್ತಾಳೆಂದು ನಿಶ್ಚಿಂತನಾಗಿದ್ದ. ಶನಿವಾರ ಕರಬಸಪ್ಪ ಯಾರಿಗೂ ಹೇಳದೆ ರಾಣೆಬೆನ್ನೂರಿಗೆ ಹೋಗಿಬಂದ. ಸೋಮವಾರ ಬೆಳಿಗ್ಗೆ ಮಾಲತೇಶ ತರಬೇತಿಗೆ ಹೊರಡಲು ಅಂಗಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದಾಗ ಕೇಂದ್ರದ ಬಿಳಿ ವ್ಯಾನು ಮನೆಯ ಮುಂದೆ ನಿಂತಿತು. ಅರುಣಾ ಮೇಡಂ ಇಳಿದರು. ಅವರ ಹಿಂದೆ ಜಹಾಂಗೀರ ಇಳಿದ. ಹೊಸ ರೋಗಿಗಳನ್ನು ಹಿಡಿದು ತರಲು ಅವನೂ ಮಾಲತೇಶನೂ ಜೋಡಿಯಾಗಿ ಹೋಗುತ್ತಿದ್ದವರು.

“ಯಾರನ್ನ ಕರ್ಕೊಂಡು ಹೋಗಾಕ ಬಂದೀರಿ, ಜಹಾಂಗೀರ? ನನಗ ಹೇಳೇ ಇಲ್ಲ” ಎಂದು ಮಾಲತೇಶ ಕೈ ಝಾಡಿಸಿ ಎದ್ದ.

“ನಿನ್ನನ್ನ, ಮಾಲತೇಶ” ಎಂದರು ಮೇಡಂ. “ಮನೀ ಮಂದಿ ಮೂರು ಜನ ಹೇಳ್ಯಾರ. ನಿನ್ನ ಸೇರಿಸಾಕ ನಿಮ್ಮ ತಂದಿ ಸಹಿ ಮಾಡ್ಯಾರ. ಕೇಂದ್ರದ ನೌಕರನ ಕುಡದಾನ ಅಂದ ಮ್ಯಾಲೆ ಸುಮ್ನ ಬಿಡಾಕ ಬರಂಗಿಲ್ಲ. ಸೇರ್ಕೊಂಡು ಆರಾಮ ಆಗು.”

“ನಾ ಕುಡದಿಲ್ರಿ ಮೇಡಂ.”

“‘ಇಲ್ಲ’ ಅನ್ನೂದ ಈ ರೋಗದ ಮೊದಲನೇ ಮಾತು. ಹೋದ ವಾರ ಕ್ಲಾಸಿನ್ಯಾಗ ನೀನ ಹೇಳಿದ್ದಿ. ಪೂರಾ ಮಾರ್ಕ್ಸ್ ಕೊಟ್ಟೇನಿ ನಿನಗ ಅದಕ್ಕ.”

ಇಲ್ಲ ಎಂದರೆ ರೋಗಿ, ಹೌದು ಎಂದರೂ ರೋಗಿ. ಅದನ್ನು ಮಾಲತೇಶನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಅಪ್ಪನ ಕಡೆ ನೋಡಿದ, ಅವ್ವನ ಕಡೆ ನೋಡಿದ, ಕೊನೆಗೆ ತಂಗಿಯ ಕಡೆ. “ನೀ ಏನ್ ಹೇಳಿದಿವಾ ಮೇಡಂಗ?”

“ಅಕೀನ್ನ ಯಾಕ ಕೇಳ್ತಿ?” ಮುತ್ತವ್ವ ನಡುವೆ ಬಂದಳು. “ಮದುವಿ ಹುಡುಗಿ ಅದಾಳ, ಕಣ್ಣೀರು ಹಾಕಸಬ್ಯಾಡ ಅಕಿಗೆ.”

ಪುಷ್ಪಾವತಿ ಓಡಿಬಂದು ಮೇಡಂ ಕಾಲಿಗೆ ಬಿದ್ದಳು. “ಹಿಂದ ಸುಳ್ಳು ಹೇಳಿದ್ದು ನಾ, ಖರೇ. ಈಗ ಹೇಳೂದು ಸುಳ್ಳಲ್ರಿ, ನಂಬ್ರಿ” ಎಂದು ಹಣೆ ಬಡಿದುಕೊಂಡಳು. ಮೇಡಂ ಕರುಣೆಯಿಂದಲೇ ಅವಳನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿದರು.

“ಅಣ್ಣಾ, ಬರ್ರಿ” ಎಂದ ಜಹಾಂಗೀರ. “ನಾ ಮೈ ಮುಟ್ಟಂಗಿಲ್ಲ, ನೀವ ಹತ್ತರಿ.”

“ತೋಳು ಹಿಡಿ” ಎಂದ ಮಾಲತೇಶ. “ಹಿಡೀದ ಕರ್ಕೊಂಡು ಹೋದ್ರ ಮಾತು ನಿನ್ನ ಮ್ಯಾಲೆ ಬರತೈತಿ.” ಓಣಿಯ ಮಂದಿಯೆಲ್ಲ ನೋಡುತ್ತಿರಲು ಅವನು ತೋಳು ಹಿಡಿಸಿಕೊಂಡು ವ್ಯಾನು ಹತ್ತಿದ.

ವ್ಯಾನು ಹೋದ ಮೇಲೆ ಪುಷ್ಪಾವತಿ ಗಂಟು ಕಟ್ಟಿದಳು. ತವರಿಗೆ ಹೊರಡುವಾಗ ಸ್ನೇಹಾಳ ಮುಂದೆ ಒಂದು ಗಳಿಗೆ ನಿಂತಳು. “ನಿನಗ ಚಲೋ ಆಗ್ಲಿ ಅನ್ನಬೇಕು, ಮದುವಿ ಹುಡುಗಿಗೆ ಹಂಗ ಅನ್ನಬೇಕ. ನನ್ನ ಬಾಯಾಗ ಬರವಲ್ತು” ಎಂದು ಹೋದಳು.

ಸ್ನೇಹಾ ಅಡಿಗೆಮನೆಗೆ ಹೋಗಿ, “ನಾ ರಾಣೆಬೆನ್ನೂರಿಗೆ ಹೋಗಿ ಖರೇ ಹೇಳಿಬರ್ತೇನವ್ವಾ” ಎಂದಳು.

“ಹೋಗು” ಎಂದಳು ಮುತ್ತವ್ವ ಬೇಳೆಗೆ ನೀರಿಡುತ್ತ. “ಕುಮಾರಪಟ್ಟಣಕ್ಕೂ ಹೋಗಿ ಅವರು ಕೊಟ್ಟ ಸೀರಿ ವಾಪಸ್ ಕೊಟ್ಟು ಬಾ. ಎರಡೂ ಕೆಲಸ ಒಂದ ಬಸ್ಸಿನ್ಯಾಗ ಆಗ್ತಾವು.”

ಸ್ನೇಹಾ ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡಳು. ನಾಳೆಯೂ ಹಾಗೆಯೇ ಎಂದುಕೊಂಡಳು. ಅಷ್ಟರಲ್ಲಿ ಹಂದರ ಹಾಕುವವರು ಬಂದರು.

ಮದುವೆ ಬಲು ಚೆನ್ನಾಗಿ ಆಯಿತು. ಕೊಟ್ರೇಶಪ್ಪನಿಗೆ ಕರಬಸಪ್ಪ ಗುಟ್ಟಾಗಿ, ಮಗ ಮತ್ತೆ ಕುಡಿದನೆಂದೂ ಒಳಗೆ ಹಾಕಿಸಿದ್ದೇನೆಂದೂ, ಆ ನೌಕರಿಯ ಕತೆ ಮುಗಿಯಿತೆಂದೂ ಹೇಳಿದ್ದ. “ಒಳಗಿದ್ದಾನಲ್ಲ, ಸಾಕು. ಹೊರಗ ನಿಂತು ಭಾಷಣ ಮಾಡೂದು ಬ್ಯಾಡ” ಎಂದು ಬೀಗರು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡರು. ಸ್ನೇಹಾ ಕ್ವಾರ್ಟರ್ಸಿಗೆ ಬಂದಳು. ಮನೆಯೊಳಗೇ ನಲ್ಲಿ, ಗ್ಯಾಸಿನ ಒಲೆ, ಕಿಟಕಿ ತೆರೆದರೆ ತುಂಗಭದ್ರೆಯ ಗಾಳಿ. ಕಿರಣಕುಮಾರ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಅವಳು ಮಾಡಿದ ಪುಂಡಿಪಲ್ಯವನ್ನು ಹೊಗಳಿ ಉಣ್ಣುತ್ತಿದ್ದ. ಬೆಳಗಿನ ಪಾಳಿಗೆ ಹೋದವನು ಮಧ್ಯಾಹ್ನ ಮಲ್ಲಿಗೆ ತರುತ್ತಿದ್ದ. ಅವಳು ಸುಖವಾಗಿಯೇ ಇದ್ದಳು. ಪಾಪ ಮಾಡಿದವರಿಗೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎಂದೆಲ್ಲ ಹೇಳುತ್ತಾರಲ್ಲ, ಅವಳಿಗೆ ಎರಡೂ ಚೆನ್ನಾಗಿ ಆಗುತ್ತಿದ್ದವು.

ಮಳೆಗಾಲ ಹತ್ತಿರವಾದಾಗ ಕೇಂದ್ರದಿಂದ ಫೋನು ಬಂತು. ಮಾಲತೇಶ ಇನ್ನೂ ಒಪ್ಪಿಕೊಂಡಿಲ್ಲ, ಮನೆಯವರ ಸಭೆಗೆ ತಂಗಿಯೇ ಬಂದು ಕಂಡದ್ದನ್ನು ಅವನ ಮುಂದೆ ಹೇಳಬೇಕು ಎಂದರು. ಕಿರಣಕುಮಾರನೇ ಬೈಕಿನಲ್ಲಿ ಕರೆದುಕೊಂಡು ಹೊರಟ. “ಹೋಗಿ ಒಂದಿಷ್ಟು ಬುದ್ಧಿ ಹೇಳು. ಎಷ್ಟಾದ್ರೂ ಒಡಹುಟ್ಟಿದಾಂವ” ಎಂದ.

ಗೇಟಿನಲ್ಲಿ ಜಹಾಂಗೀರ ಸಿಕ್ಕ. ಕಿರಣಕುಮಾರ ಬೈಕು ನಿಲ್ಲಿಸಲು ಆಚೆ ಹೋದಾಗ ಅವಳ ಹತ್ತಿರ ಬಂದು ಬೇಗ ಬೇಗ ಹೇಳಿದ.

“ಅಕ್ಕಾ, ಒಪ್ಕೊಂಡವರನ್ನ ಮನಿಗೆ ಕಳಸ್ತಾರ. ಆದ್ರ ನೌಕರಿಗಿದ್ದು ಕುಡದೇನಿ ಅಂತ ಒಪ್ಕೊಂಡಾಂವ ಮತ್ತ ಎಂದೂ ಕೌನ್ಸೆಲರ್ ಆಗಂಗಿಲ್ಲ. ಅದಕ್ಕ ಅಣ್ಣ ಒಪ್ಪವಲ್ಲ. ಒಳಗ ಕುಂತು ಕೊಳೀಲಿಕತ್ತಾನ. ನಾ ತಪ್ಪಿ ಹೇಳಿದ್ದೆ ಅಂತ ನೀವು ಒಂದ ಮಾತು ಅಂದುಬಿಡ್ರಿ. ಇವತ್ತ ಬಿಡ್ತಾರ, ಪರೀಕ್ಷಾಕ್ಕೂ ಕುಂದ್ರಸ್ತಾರ.”

“ಹೇಳ್ತೇನಿ” ಎಂದಳು ಸ್ನೇಹಾ. ಆ ಗಳಿಗೆಯಲ್ಲಿ ಅವಳು ನಿಜವಾಗಿಯೂ ಹೇಳುವವಳೇ ಇದ್ದಳು.

ದೊಡ್ಡ ಹಾಲಿನಲ್ಲಿ ಒಂದು ಕಡೆ ರೋಗಿಗಳು, ಎದುರಿಗೆ ಅವರ ಮನೆಯವರು. ಪುಷ್ಪಾವತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೆ ಒರಗಿದ್ದಳು. ಮಾಲತೇಶ ಸೊರಗಿದ್ದ. ಅಂಗಿ ಹೆಗಲಿನಿಂದ ಇಳಿಬಿದ್ದಿತ್ತು. ತಂಗಿಯ ಕೊರಳಿನ ತಾಳಿ, ಕಾಲುಂಗುರ ಎಲ್ಲವನ್ನೂ ಒಮ್ಮೆ ನೋಡಿ ಮೆಲ್ಲಗೆ ನಕ್ಕ. ಆ ಮದುವೆಯನ್ನು ಅವನು ನೋಡಿರಲಿಲ್ಲ.

“ಹೇಳ್ರಿ ಸ್ನೇಹಾ, ಅಂಜಬ್ಯಾಡ್ರಿ. ನೀವು ಕಂಡದ್ದನ್ನ ಅವನ ಮುಂದ ಹೇಳ್ರಿ” ಎಂದರು ಅರುಣಾ ಮೇಡಂ.

ಸ್ನೇಹಾ ಎದ್ದು ನಿಂತಳು. “ಅವತ್ತು ನಾ ಹೇಳಿದ್ದು…” ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿನ ಬಿಸಿಲು ತಾಳದೆ ಕಿರಣಕುಮಾರ ಒಳಗೆ ಬಂದು, ಬಾಗಿಲ ಪಕ್ಕದ ಫ್ಯಾನಿನ ಕೆಳಗೆ ಕುಳಿತ. ಹೆದರಬೇಡ ಎಂಬಂತೆ ಅವಳ ಕಡೆ ನೋಡಿ ನಕ್ಕ. ಸುಳ್ಳು ಹೇಳಿ ಒಡಹುಟ್ಟಿದವನನ್ನೇ ಒಳಗೆ ಹಾಕಿಸಿ ತಾಳಿ ಕಟ್ಟಿಸಿಕೊಂಡವಳು ಎಂದು ತಿಳಿದ ಮೇಲೆ ಆ ನಗು ಇರುವುದಿಲ್ಲ. ಅವಳಿಗೆ ಅದಷ್ಟೇ ಹೊಳೆಯಿತು, ಬೇರೇನೂ ಹೊಳೆಯಲಿಲ್ಲ.

“ಅವತ್ತು ನಾ ಹೇಳಿದ್ದ ಖರೇ ಐತ್ರಿ. ಶಿವರಾತ್ರಿ ಮರುದಿನ ಅಣ್ಣ ಸ್ಟೇಷನ್ನಿನ್ಯಾಗ ಕುಡದು ಬಿದ್ದಿದ್ದ” ಎಂದಳು. ಬೆಂಚು ಹೇಳಿದಳು, ಚಪ್ಪಲಿ ಹೇಳಿದಳು. ಎರಡನೆಯ ಸಲಕ್ಕೆ ಮಾತು ಸರಾಗವಾಗಿ ಬಂತು.

ಮಾಲತೇಶ ಪೂರ್ತಿ ಕೇಳಿದ. ತಲೆ ಎತ್ತಿ ಬಾಗಿಲ ಹತ್ತಿರ ಕುಳಿತ ಹೊಸ ಅಳಿಯನನ್ನು ನೋಡಿದ, ತಂಗಿಯನ್ನು ನೋಡಿದ, ಗೋಡೆಗೆ ಒರಗಿದ್ದ ಹೆಂಡತಿಯನ್ನು ನೋಡಿದ. ಪುಷ್ಪಾವತಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವನು ಎದ್ದು ನಿಂತ.

“ಹೌದ್ರಿ ಮೇಡಂ. ಕುಡದಿದ್ದೆ. ನಮ್ಮ ತಂಗಿ ಸುಳ್ಳು ಹೇಳಾಕಿ ಅಲ್ಲ.”

ಮೇಡಂ ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದರು. ಒಪ್ಪಿಕೊಂಡವರಿಗೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟುವುದು ಅಲ್ಲಿಯ ರೂಢಿ. ರೋಗಿಗಳು ತಟ್ಟಿದರು, ಅವರ ಮನೆಯವರು ತಟ್ಟಿದರು, ಕಿರಣಕುಮಾರ ಎದ್ದು ನಿಂತು ತಟ್ಟಿದ. ಅವ್ವನ ತೊಡೆಯಿಂದಿಳಿದ ಮಾಲತೇಶನ ಮಗಳು ಅಪ್ಪನಿಗೆ ಏನೋ ಬಹುಮಾನ ಬಂತೆಂದು ಕುಣಿದು ಕುಣಿದು ತಟ್ಟಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಸ್ನೇಹಾಳೂ ತಟ್ಟಿದಳು.